ಫಾರ್ವರ್ಡ್ ಪ್ರಸನ್ನನ ಟವಲ್ಲು

ಮಂಡ್ಯ ಪಕ್ಕದ ಹೊಳಲಿನ ಪ್ರಸನ್ನ ಹುಟ್ಟಿದ್ದೇ ಡಾಕ್ಟರು ಕೊಟ್ಟ ತಾರೀಕಿಗಿಂತ ಇಪ್ಪತ್ತು ದಿನ ಮುಂಚೆ. ಅವತ್ತು ಶುರುವಾದ ಅವಸರ ಇವತ್ತಿಗೂ ನಿಂತಿಲ್ಲ ಎಂದು ಅವನ ಅವ್ವ ಸೋಮಮ್ಮ ಹೇಳುತ್ತಾಳೆ. ಊಟಕ್ಕೆ ಕೂತರೆ ಒಂದು ಕಾಲು ತಟ್ಟೆಯ ಪಕ್ಕ, ಇನ್ನೊಂದು ಹೊಸಿಲಾಚೆ. ಇಂಥವನು ಫುಟ್‌ಬಾಲಿನಲ್ಲಿ ಮುಂದೆ ನುಗ್ಗಿ ಗೋಲು ಹೊಡೆಯುವ ಫಾರ್ವರ್ಡ್ ಆಗದೆ ಗೋಲ್‌ಕೀಪರ್ ಆಗಲು ಸಾಧ್ಯವೇ?

ಮಂಡ್ಯದ ಸೀಮೆಯಲ್ಲಿ ಕಬಡ್ಡಿ ಆಡುವವನಿಗೆ ಹಾರ ಹಾಕುತ್ತಾರೆ, ವಾಲಿಬಾಲ್ ಆಡುವವನಿಗೆ ಟೀ ಕುಡಿಸುತ್ತಾರೆ. ಫುಟ್‌ಬಾಲ್ ಆಡುವವನನ್ನು ಮಾತ್ರ "ಅದ್ ಸರಿ, ಬೇರೆ ಏನ್ ಮಾಡ್ಕಂಡಿದ್ದೀಯಪ್ಪ?" ಎಂದು ಕೇಳುತ್ತಾರೆ. ಪ್ರಸನ್ನನಿಗೆ ಇಪ್ಪತ್ತು ತುಂಬಿದ ವರ್ಷ ಬೆಂಗಳೂರಿನ ಒಂದು ಸಣ್ಣ ಕ್ಲಬ್ಬು ಅವನ ಹತ್ತಿರ ಒಂದು ವರ್ಷದ ಕರಾರಿಗೆ ಸಹಿ ಹಾಕಿಸಿಕೊಂಡಿತು. ಗೆಜ್ಜಲಗೆರೆಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದ ಅವನ ಅಪ್ಪ ಕೆಂಪಸಿದ್ದಯ್ಯ ಅಂದಿನಿಂದ ಸಿಕ್ಕಸಿಕ್ಕವರಿಗೆಲ್ಲ "ನಮ್ ಹುಡ್ಗ ಪ್ರೊಫೆಸನಲ್ಲು" ಎನ್ನತೊಡಗಿದ. ಹಾಗೆಂದರೇನೆಂದು ಕೇಳುವವರಿಗೆ ಗೊತ್ತಿರಲಿಲ್ಲ, ಹೇಳುವವನಿಗೂ ಗೊತ್ತಿರಲಿಲ್ಲ. ಆ ಮಾತಿನ ತೂಕ ಹೆಚ್ಚಿದ್ದೇ ಅದರಿಂದ.

ಕ್ಲಬ್ಬಿನ ಮೈದಾನ ಕೆಂಗೇರಿಯ ಕಡೆ. ವಾರಕ್ಕೆ ನಾಲ್ಕು ದಿನ ಪ್ರಸನ್ನ ಮಂಡ್ಯದಿಂದ ಬಸ್ಸು ಹಿಡಿದು ಹೋಗಿ ಬರುತ್ತಿದ್ದ. ಆ ಇಡೀ ವರ್ಷ ಅವನು ನಾಲ್ಕು ಸಲ ಚೆಂಡನ್ನು ಬಲೆಯೊಳಗೆ ಹೊಡೆದ. ನಾಲ್ಕು ಸಲವೂ ಗೋಲು ರದ್ದಾಯಿತು. ಕಾರಣ ಆಫ್‌ಸೈಡು. ನಮ್ಮವನ ಕಾಲಿನಿಂದ ಚೆಂಡು ಹೊರಡುವ ಮೊದಲೇ ಎದುರಾಳಿಯ ಕೊನೆಯ ಕಾವಲುಗಾರನನ್ನು ದಾಟಿ ಮುಂದೆ ನಿಂತಿದ್ದರೆ ಅಂಚಿನಲ್ಲಿರುವ ರೆಫರಿ ಬಾವುಟ ಎತ್ತುತ್ತಾನೆ, ಆಮೇಲೆ ಹೊಡೆದ ಗೋಲು ಲೆಕ್ಕಕ್ಕಿಲ್ಲ. ಪ್ರಸನ್ನ ಪ್ರತಿಸಲವೂ ಅರ್ಧ ಹೆಜ್ಜೆ ಮುಂಚೆ ಹೊರಟಿರುತ್ತಿದ್ದ. ಆ ಬಾವುಟದ ಹಳದಿ ಬಣ್ಣ ಅವನ ಕನಸಿಗೂ ಬರತೊಡಗಿತ್ತು.

ತಂಡದ ಕೋಚ್ ಮಹದೇವಯ್ಯ ಮಳವಳ್ಳಿಯವರು. ಅರವತ್ತರ ಹತ್ತಿರದ ಮನುಷ್ಯ, ಮಂಡಿ ಎರಡೂ ಸವೆದಿದ್ದವು. ಸಂಜೆ ಪ್ರಸನ್ನನ ಜೊತೆಯೇ ಬಸ್ಸು ಹತ್ತಿ ಮದ್ದೂರಿನಲ್ಲಿ ಇಳಿದು ಮಳವಳ್ಳಿಯ ಬಸ್ಸು ಹಿಡಿಯುತ್ತಿದ್ದರು. ಸೀಸನ್ನಿನ ಕೊನೆಯ ಪಂದ್ಯಕ್ಕೆ ಒಂದು ತಿಂಗಳಿದೆ ಎನ್ನುವಾಗ ಒಂದು ಸಂಜೆ ಇಬ್ಬರೂ ಕೆಂಗೇರಿಯಲ್ಲಿ ನಿಂತಿದ್ದರು. ಮಂಡ್ಯದ ಬಸ್ಸು ತಿರುವಿನಲ್ಲಿ ಕಂಡದ್ದೇ ತಡ, ಪ್ರಸನ್ನ ಹಾರಿದ. ಬಸ್ಸಿನ ಪಕ್ಕಕ್ಕೇ ಓಡುತ್ತ, ಹೆಗಲ ಟವಲ್ಲನ್ನು ಕಿಟಕಿಯೊಳಗೆ ಎಸೆದು, ಎರಡು ಸೀಟು ಹಿಡಿದು, ಬಸ್ಸು ನಿಲ್ಲುವಷ್ಟರಲ್ಲಿ ಒಳಗಿಂದ ಕೈಬೀಸುತ್ತಿದ್ದ. "ಬನ್ನಿ ಸಾರ್, ಕಿಟ್ಕಿ ಸೀಟು!"

ಮಹದೇವಯ್ಯನವರು ಕಿಟಕಿಯ ಪಕ್ಕ ಕೂತು ಮಂಡಿ ನೀವಿಕೊಂಡರು. ಆಮೇಲೆ ಟವಲ್ಲನ್ನು ಕೈಗೆತ್ತಿಕೊಂಡರು.

"ಲೇ ಪ್ರಸನ್ನ, ಎಷ್ಟ್ ವರ್ಸ ಆಯ್ತ್ಲಾ ಇದ್ನ ಎಸ್ಯಕ್ ಸುರು ಮಾಡಿ?"

"ಐಸ್ಕೂಲಿಂದ್ಲೂವೆ ಸಾರ್."

"ನಿನ್ ಕಾಯ್ಲೆ ಇಲ್ಲಿ ಅದೆ ಕಣ್ಲಾ. ನಾನು ಒಂದ್ ವರ್ಸದಿಂದ ಮೈದಾನ್ದಲ್ ಉಡುಕ್ತಾ ಇವ್ನಿ."

ಅವರು ಮೊಬೈಲು ತೆಗೆದು ಮೆಕ್ಸಿಕೋದ ಹತ್ತೊಂಬತ್ತು ವರ್ಷದ ಫಾರ್ವರ್ಡ್ ಒಬ್ಬನ ಆಟ ತೋರಿಸಿದರು. "ನೋಡು, ಅದಿನಾರಕ್ಕೇ ದೊಡ್ಡ ಕ್ಲಬ್ಬು ಸೇರ್ದೋನು. ಎರಡ್ ವರ್ಸ ಬೆಂಚ್ ಮ್ಯಾಲೆ ಕೂರ್ಸುದ್ರು. ಈಗ ನಿಂತಿರಾದ್ ನೋಡು, ಎಮ್ಮೆ ನಿಂತಂಗೆ! ಚೆಂಡು ಒರ್ಡೋ ಗಂಟ ಅಲ್ಲಾಡಕಿಲ್ಲ. ಆಮೇಲ್ ನೋಡು..." ಆಮೇಲೆ ಆ ಹುಡುಗ ಕಾಣಲೇ ಇಲ್ಲ, ಬಲೆ ಮಾತ್ರ ಅಲುಗಾಡಿತು.

ಮದ್ದೂರಿನಲ್ಲಿ ಇಳಿಯುವ ಮುಂಚೆ ಕೋಚು ತೀರ್ಪು ಕೊಟ್ಟರು. "ನಾಳಿಂದ ಬಸ್ಸು ನಿಂತು, ಎಲ್ರೂ ಅತ್ತಿ, ಕೊನೇ ಮುದ್ಕಿ ಕಾಲಿಟ್ಮೇಲೆ ನೀನ್ ಅತ್ಬೇಕು. ಟವಲ್ಲು ನನ್ ತಾವಿರ್ಲಿ. ಕೊನೇ ಮ್ಯಾಚಲ್ಲಿ ನಂಗೆ ಗೋಲ್ ಬ್ಯಾಡ, ಬಾವುಟ ಏಳ್ಬಾರ್ದು ಅಷ್ಟೆ. ಎದ್ರೆ ಮುಂದಿನ್ ವರ್ಸದ ಕರಾರಿಗೆ ನಿನ್ ಹೆಸ್ರು ಬರ್ಯಕಿಲ್ಲ."

ಪ್ರಸನ್ನನಿಗೆ ಬೆಟ್ಟ ಹತ್ತಿ ಇಳಿ ಎಂದಿದ್ದರೆ ಸುಲಭವಾಗುತ್ತಿತ್ತು. ಬಸ್ಸು ತಿರುವಿನಲ್ಲಿ ಕಂಡೊಡನೆ ಅವನ ಹಿಮ್ಮಡಿ ತಾನಾಗಿಯೇ ಮೇಲೇಳುತ್ತಿತ್ತು. ಕೈ ಖಾಲಿ ಹೆಗಲನ್ನು ತಡಕುತ್ತಿತ್ತು. ಕಣ್ಣೆದುರೇ ಹೂವಿನ ಬುಟ್ಟಿಯವರು, ಕಾಲೇಜಿನವರು, ಸೀರೆಯ ಗಂಟಿನವರು ಹತ್ತಿ ಕೂರುತ್ತಿದ್ದರು; ಕೊನೆಯ ಮುದುಕಿ ಮೆಟ್ಟಿಲ ಮೇಲೆ ನಿಂತು ಕಂಡಕ್ಟರನ ಹತ್ತಿರ ಕ್ಷೇಮಸಮಾಚಾರ ವಿಚಾರಿಸುತ್ತಿದ್ದಳು. ಅಷ್ಟು ಹೊತ್ತೂ ಅವನ ಎದೆಯಲ್ಲಿ ಯಾರೋ ಅಕ್ಕಿ ಹುರಿದಂತೆ ಆಗುತ್ತಿತ್ತು. ಕೆಂಗೇರಿಯಿಂದ ಮಂಡ್ಯದವರೆಗೆ ಕಂಬ ಹಿಡಿದು ನಿಲ್ಲುತ್ತಿದ್ದ. ಅವನ ಪಕ್ಕದಲ್ಲೇ, ತಾವೇ ಬರೆದ ಔಷಧಿಗೆ ಸಿಕ್ಕಿಬಿದ್ದ ಮಹದೇವಯ್ಯನವರು, ಮದ್ದೂರಿನವರೆಗೆ ಒಂದು ಮಂಡಿಯಿಂದ ಇನ್ನೊಂದು ಮಂಡಿಗೆ ಭಾರ ಬದಲಿಸುತ್ತ ನಿಲ್ಲುತ್ತಿದ್ದರು.

ಸುದ್ದಿ ಹೊಳಲು ತಲುಪಲು ಮೂರು ದಿನ ಸಾಕಾಯಿತು. ಹಾಲಿನ ಡೈರಿಯ ಶಿವರಾಮು ಕಟ್ಟೆಯ ಮೇಲೆ ಎಲ್ಲರೆದುರು ಕೇಳಿಯೇಬಿಟ್ಟ. "ಏನ್ ಕೆಂಪಸಿದ್ದಣ್ಣ, ನಿಮ್ ಪ್ರೊಫೆಸನಲ್ಲು ಮದ್ದೂರಿಂದ ಕಂಬ ತಬ್ಕಂಡ್ ಬಂದ! ಒಂದ್ ಸೀಟ್ ಇಡಿಯಕ್ಕೂ ಆಗ್ದೋನು ಗೋಲೇನ್ ಒಡ್ದಾನು?"

ಕೆಂಪಸಿದ್ದಯ್ಯ ಆವತ್ತು ಸರಿಯಾಗಿ ಉಣ್ಣಲಿಲ್ಲ. ಪಂದ್ಯದ ವಾರ ಬಂದದ್ದೇ ಮಂಡ್ಯಕ್ಕೆ ಹೋಗಿ ಫ್ಲೆಕ್ಸ್ ಮಾಡಿಸಿದ. ಪಂದ್ಯ ಭಾನುವಾರ, ಶನಿವಾರವೇ ಹೊಳಲಿನ ಬಸ್‌ಸ್ಟಾಪಿನಲ್ಲಿ ಹತ್ತಡಿ ಅಗಲಕ್ಕೆ ಪ್ರಸನ್ನ ನಗುತ್ತ ನಿಂತ. ಮಗ ಮನೆಯಲ್ಲಿ ಹೇಳಿದ್ದ ಮೆಕ್ಸಿಕೋ ಹುಡುಗನ ಕತೆ ಅಪ್ಪನ ತಲೆಯಲ್ಲಿ ಕೂತಿತ್ತು, ಕೆಳಗೆ ಹೀಗಿತ್ತು: "ಗೆಲುವಿನ ಗೋಲು ಬಾರಿಸಿದ ಮೆಕ್ಸಿಕೋ ಹುಲಿ ಪ್ರಸನ್ನನಿಗೆ ಅಭಿನಂದನೆಗಳು." ಮಗನಿಗಿಂತ ಅರ್ಧ ಅಡಿ ದೊಡ್ಡದಾಗಿ ಕೆಂಪಸಿದ್ದಯ್ಯನ ಫೋಟೋ ಇತ್ತು, ಕೂಲಿಂಗ್ ಗ್ಲಾಸ್ ಸಮೇತ.

"ಅಪ್ಪ, ಮ್ಯಾಚು ನಾಳೆ!" ಪ್ರಸನ್ನ ಫ್ಲೆಕ್ಸಿನ ಕಡೆ ಕೈ ತೋರಿಸಿದ.

"ಸೋಮ್ವಾರ ಫ್ಲೆಕ್ಸ್ ಅಂಗಡಿಗೆ ರಜ ಕಣ್ಲಾ. ಒಡೀತೀಯ ತಾನೆ? ಅಂದ್ಮೇಲೆ ಇನ್ನೇನು?"

ಮಳವಳ್ಳಿಯಿಂದ ಅತ್ತೆ ನಾಗರತ್ನ ಫೋನು ಮಾಡಿ, ಮೆಕ್ಸಿಕೋಗೆ ಯಾವತ್ತು ಹೊರಡುವುದು, ಅಲ್ಲಿ ಅನ್ನ ಸಿಗುತ್ತದೆಯೇ ಎಂದು ವಿಚಾರಿಸಿಕೊಂಡಳು. ಸೋಮಮ್ಮ ಮಾತ್ರ ಡಬ್ಬಿಗೆ ಚಿತ್ರಾನ್ನ ತುಂಬುತ್ತ, "ನಿಧಾನುಕ್ ಓಗ್ಬಾ ಮಗ" ಎಂದಳು. ಇಪ್ಪತ್ತು ವರ್ಷದಿಂದ ದಿನಾ ಹೇಳುತ್ತಿದ್ದ ಮಾತು ಅದು. ಮೊದಲ ಸಲ ಅವನ ಕಿವಿಗೆ ಬಿತ್ತು.

ಪಂದ್ಯದಲ್ಲಿ ಅವನನ್ನು ಇಳಿಸಿದ್ದು ಕೊನೆಯ ಇಪ್ಪತ್ತು ನಿಮಿಷಕ್ಕೆ. ಎರಡೂ ಕಡೆ ಸೊನ್ನೆ. ಮೊದಲ ಚೆಂಡಿಗೆ ಅವನು ಎಷ್ಟು ಕಾದನೆಂದರೆ, ಚೆಂಡು ಬಂದು, ಅವನನ್ನು ದಾಟಿ, ಗೆರೆಯಾಚೆ ಹೋಯಿತು. "ಬಸ್ಸೇ ಒಂಟೋಯ್ತಲ್ಲೋ!" ಎಂದು ಮಹದೇವಯ್ಯನವರು ಅಂಚಿನಿಂದ ಕೂಗಿದರು.

ಎಂಬತ್ತೇಳನೆಯ ನಿಮಿಷ. ಮಧ್ಯದಲ್ಲಿ ತಮ್ಮವನೊಬ್ಬ ಚೆಂಡು ಹಿಡಿದು ತಲೆ ಎತ್ತಿದ. ಪ್ರಸನ್ನನ ಹಿಮ್ಮಡಿ ಮೇಲೆದ್ದಿತು. ಹತ್ತಡಿ ಅಗಲದ ಫ್ಲೆಕ್ಸ್ ಕಣ್ಣಿಗೆ ಬಂತು, ಹೋಗು ಹೋಗು ಎಂದಿತು. ಅವನು ಹಲ್ಲು ಕಚ್ಚಿ ಮುದುಕಿಯನ್ನು ನೆನೆದ. ಮುದುಕಿ ಬುಟ್ಟಿ ಇಟ್ಟಳು. ಸೆರಗು ಸರಿಮಾಡಿಕೊಂಡಳು. ಒಂದು ಕಾಲಿಟ್ಟಳು. ಇನ್ನೊಂದು ಕಾಲು. ಚೆಂಡು ಹೊರಟಿತು, ಪ್ರಸನ್ನನೂ ಹೊರಟ. ಗೋಲಿನೆದುರು ಒಬ್ಬನೇ ನಿಂತು ಒದ್ದ ಚೆಂಡು ಕಂಬಕ್ಕೆ ಬಡಿದು ಹಿಂದಕ್ಕೆ ಬಂತು. ಹಿಂದಿನಿಂದ ಓಡಿಬಂದ ತಂಡದವನೊಬ್ಬ ಅದನ್ನು ಒಳಗೆ ತಳ್ಳಿದ. ಎಲ್ಲರೂ ಆ ಹುಡುಗನ ಮೇಲೆ ಬಿದ್ದರು. ಪ್ರಸನ್ನನೊಬ್ಬ ತಿರುಗಿ ಅಂಚಿನ ರೆಫರಿಯನ್ನು ನೋಡಿದ. ಬಾವುಟ ಅವನ ತೊಡೆಯ ಪಕ್ಕ ತೂಗಾಡುತ್ತಿತ್ತು. ಏಳಲಿಲ್ಲ.

ಮಹದೇವಯ್ಯನವರು ಅಲ್ಲೇ, ತಂಡದ ನೀರಿನ ಪೆಟ್ಟಿಗೆಯ ಮೇಲೆ ಹಾಳೆ ಇಟ್ಟುಕೊಂಡು ಮುಂದಿನ ವರ್ಷದ ಪಟ್ಟಿಯಲ್ಲಿ ಅವನ ಹೆಸರು ಬರೆದರು.

ಬಸ್‌ಸ್ಟ್ಯಾಂಡಿನಿಂದ ಪ್ರಸನ್ನ ಮನೆಗೆ ಫೋನು ಮಾಡಿದ. "ಅಪ್ಪ, ಫ್ಲೆಕ್ಸ್ ಇಳ್ಸು. ಗೋಲ್ ಒಡ್ದಿದ್ದು ಬೇರೆಯೋನು."

"ಮೊದ್ಲು ಒದ್ದಿದ್ದು ಯಾರ್ಲಾ?"

"ನಾನೇಯ. ಕಂಬಕ್ ಬಡೀತು."

"ಕಂಬ ಏನ್ ನಿಮ್ಮಪ್ಪುಂದಾ? ಇಳ್ಸಾಕಿಲ್ಲ ಓಗು."

ಅಷ್ಟರಲ್ಲಿ ತಿರುವಿನಲ್ಲಿ ಮಂಡ್ಯದ ಬಸ್ಸು ಕಂಡಿತು. ಭಾನುವಾರದ ಜನ ಒಮ್ಮೆಲೇ ಮುಂದೆ ನುಗ್ಗಿದರು. ಮಹದೇವಯ್ಯನವರು ಚೀಲದಿಂದ ಟವಲ್ಲು ತೆಗೆದು ಅವನ ಕೈಗೆ ತುರುಕಿದರು. "ಇವತ್ತೊಂದಿನ ಓಡ್ಲಾ, ಮಂಡಿ ಬಿದ್ದೋಯ್ತಾವೆ!"

ಪ್ರಸನ್ನನ ಹಿಮ್ಮಡಿ ಎದ್ದಿತು. ಕೆಳಗಿಳಿಯಿತು.

"ಇರಿ ಸಾರ್," ಎಂದ ಟವಲ್ಲನ್ನು ಮಡಿಸುತ್ತ, "ಬಸ್ಸು ಇನ್ನೂ ನಿಂತಿಲ್ಲ."