ಬೀರುವಿನಲ್ಲಿಟ್ಟ ಜುಬೇದಾಬಿಯ ಹಾಡು

ಸಹನಾ, ನವೀನಾ, ನಿಮ್ಮಜ್ಜಿ ನಾಲ್ಕು ಜನರೆದುರು ಬಾಯಿಬಿಟ್ಟವಳಲ್ಲ. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ.

೧೯೬೦ರ ಆಸುಪಾಸು. ನಿಮ್ಮ ತಾತ ತೀರಿಕೊಂಡ ಮೇಲೆ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್‌ನ ಮಹಿಳಾ ಸಂಘವೊಂದರಲ್ಲಿ ನನಗೆ ಕೆಲಸ ಸಿಕ್ಕಿತು. ಹಳ್ಳಿ ಶಾಲೆಯಲ್ಲಿ ಓದಿದ್ದೆ, ಅಕ್ಷರ ದುಂಡಗಿತ್ತು, ಅಷ್ಟೇ. ಗ್ರಾಮಫೋನಿಗೆ ಚಾವಿ ಕೊಡುವುದು, ಪ್ಲೇಟುಗಳನ್ನು ಒರೆಸಿ ಜೋಡಿಸುವುದು, ಬೀರುವಿನ ಕೀಲಿ ಇಟ್ಟುಕೊಳ್ಳುವುದು ನನ್ನ ಪಾಲಿನ ಕೆಲಸ. ಇನ್ನೊಂದು ಕೀಲಿ ಕಾರ್ಯದರ್ಶಿ ಪದ್ಮಕ್ಕನ ಹತ್ತಿರ ಇತ್ತು. ಆಕೆ ಆಫೀಸರೊಬ್ಬರ ಹೆಂಡತಿ. ನನಗೆ ಕೆಲಸ ಕೊಡಿಸಿದವಳೂ ಆಕೆಯೇ, ವಿಧವೆಯೆಂದು ನೋಡದೆ ಪಕ್ಕದಲ್ಲಿ ಕೂರಿಸಿಕೊಂಡವಳೂ ಆಕೆಯೇ.

ಬುಧವಾರ ಮಧ್ಯಾಹ್ನ ಹೆಂಗಸರು ತಂತಮ್ಮ ಮನೆಯ ಪ್ಲೇಟು ತರುತ್ತಿದ್ದರು. ತಮಿಳರ ಮನೆಯಿಂದ ನಾಗಸ್ವರ, ತೆಲುಗರ ಮನೆಯಿಂದ ನಾಟಕದ ಪದ್ಯ, ಲಾರಿ ಡ್ರೈವರನ ಹೆಂಡತಿ ಜುಬೇದಾಬಿಯಿಂದ ಖವ್ವಾಲಿ. ತಂದವರೇ ಅರ್ಥ ಹೇಳಬೇಕು ಎಂಬುದು ನಮ್ಮ ಕಟ್ಟಳೆ. ಅರ್ಧ ಅರ್ಥವಾಗುತ್ತಿತ್ತು, ಉಳಿದರ್ಧಕ್ಕೆ ನಗುತ್ತಿದ್ದೆವು.

ಒಂದು ಸಲ ಪದ್ಮಕ್ಕ ಟೇಪ್ ರೆಕಾರ್ಡರ್ ತಂದಳು. ಎರಡು ಚಕ್ರಗಳ ನಡುವೆ ಕಂದು ಪಟ್ಟಿ ಓಡುತ್ತಾ ದನಿ ಹಿಡಿದಿಡುವ ಯಂತ್ರ. ಪ್ಲೇಟಿನಲ್ಲಿ ಸಿಗದ ಮನೆಹಾಡುಗಳನ್ನು ತುಂಬಿಸೋಣ ಎಂದಳು. ಜುಬೇದಾಬಿಗೆ ಮದುವೆಮನೆಯಲ್ಲಿ ಅರಿಸಿನ ಹಚ್ಚುವಾಗ ಹೆಂಗಸರಷ್ಟೇ ಕೂತು ಹಾಡುವ ದಖ್ಖನಿ ಉರ್ದುವಿನ ಹಾಡು ಬರುತ್ತಿತ್ತು. ಬೀಗರ ಮೀಸೆಯಿಂದ ಮದುಮಗನ ಮೂಗಿನವರೆಗೆ ಎಲ್ಲರನ್ನೂ ಹಂಗಿಸುವ ಹಾಡು.

"ಗಂಡಸ್ರ ಕಿವಿಗೆ ಬೀಳಬಾರ್ದು ಅಕ್ಕಾ. ನೀವು ಮಾತು ಕೊಟ್ರೆ ಹಾಡ್ತೀನಿ," ಎಂದಳು. ಮಾತು ಕೊಟ್ಟೆ. ಪದ್ಮಕ್ಕನೂ ಕೊಟ್ಟಳು. ಅವಳಿಗೆ ಧೈರ್ಯ ಬರಲೆಂದು ಮೊದಲು ನಾನೇ, ಬೇರೆ ಟೇಪಿನ ಸುರುಳಿಯಲ್ಲಿ, ಬೀಸುವ ಪದವೊಂದನ್ನು ಹಾಡಿದೆ. ಆಮೇಲೆ ಅವಳು ಹಾಡಿದಳು. ಅವಳ ಸುರುಳಿಯ ಡಬ್ಬಿಯ ಮೇಲೆ ವಾಡಿಕೆಯಂತೆ ಹೆಸರು, ಊರು, ಭಾಷೆ ಬರೆದು, ಕೆಳಗೆ 'ಹೆಂಗಸರಿಗೆ ಮಾತ್ರ' ಎಂದು ಸೇರಿಸಿ ಬೀರುವಿನಲ್ಲಿಟ್ಟೆ.

ಸಂಘದ ವಾರ್ಷಿಕೋತ್ಸವಕ್ಕೆ ಮೈದಾನದಲ್ಲಿ ಲೌಡ್‌ಸ್ಪೀಕರ್ ಕಟ್ಟಿದ್ದರು. ಶಿಫ್ಟು ಮುಗಿಸಿದ ಗಂಡಸರೆಲ್ಲ ಬಂದಿದ್ದರು. ದೊಡ್ಡ ಅಧಿಕಾರಿಗಳ ಮುಂದೆ ಪದ್ಮಕ್ಕ ಡಬ್ಬಿ ಹಿಡಿದು ನನ್ನ ದುಂಡಕ್ಷರವನ್ನು ಮೈಕಿನಲ್ಲಿ ಓದಿದಳು: ಹೆಸರು, ಊರು, ಭಾಷೆ. ಕೊನೆಯ ಸಾಲು ಬಿಟ್ಟಳು. ಹಾಡು ಮೈದಾನ ತುಂಬಿತು. ಗಂಡಸರು ಸಿಳ್ಳೆ ಹೊಡೆದರು. ಜುಬೇದಾಬಿಯ ಗಂಡ ಎದ್ದು ಹೋದದ್ದನ್ನು ಕಂಡೆ. ನಿಲ್ಲಿಸಿ ಎನ್ನಲು ನನಗೆ ಬಾಯಿ ಬರಲಿಲ್ಲ.

ಮರುದಿನ ಕೇಳಿದ್ದಕ್ಕೆ ಪದ್ಮಕ್ಕ ನಕ್ಕಳು. "ಚಪ್ಪಾಳೆ ಬಿತ್ತಲ್ಲ ಮಾರಾಯ್ತಿ! ಒಂದು ಹಾಡಿಗೆ ಇಷ್ಟು ಮುಖ ಸಣ್ಣ ಮಾಡ್ತಾರಾ?" ಆಕೆ ಮರೆತು ಹಾಗೆ ಮಾಡಿರಲಿಲ್ಲ. ಕೊನೆಯ ಸಾಲನ್ನು ಹೆಬ್ಬೆರಳಿನಿಂದ ಮುಚ್ಚಿ ಹಿಡಿದಿದ್ದನ್ನು ನಾನೇ ಹತ್ತಿರದಿಂದ ನೋಡಿದ್ದೆ. ಕೀಲಿಯನ್ನು ಮೇಜಿನ ಮೇಲಿಟ್ಟು, ಜುಬೇದಾಬಿಯ ಸುರುಳಿ ಎತ್ತಿಕೊಂಡು ಹೊರಬಂದೆ. ಮತ್ತೆ ಆ ಕೆಲಸಕ್ಕೆ ಹೋಗಲಿಲ್ಲ.

ಜುಬೇದಾಬಿ ಶಿವಮೊಗ್ಗದ ಸವಳಂಗ ರಸ್ತೆಯ ತವರುಮನೆಗೆ ಹೋಗಿಬಿಟ್ಟಿದ್ದಳು. ಬಸ್ಸು ಹಿಡಿದು ಹೋಗಿ ಸುರುಳಿ ಕೈಗಿತ್ತೆ, ಪದ್ಮಕ್ಕ ಮಾಡಿದ್ದನ್ನೆಲ್ಲ ಹೇಳಿದೆ. ಅರ್ಧ ತೆರೆದ ಬಾಗಿಲಲ್ಲೇ ನಿಂತು ಕೇಳಿದಳು.

"ನೀವೂ ಅವತ್ತು ಹಾಡಿದ್ರಲ್ಲ ಅಕ್ಕಾ, ಅದ್ಯಾಕೆ ಹಾಕಲಿಲ್ಲ?"

"ಅದು ಬೀರುವಿನಲ್ಲಿರಲಿಲ್ಲ."

"ಮತ್ತೆಲ್ಲಿತ್ತು?"

ಸುಳ್ಳು ಹೇಳಲಾಗಲಿಲ್ಲ. "ನಾಚಿಕೆಯಾಯ್ತು. ಮನೇಲಿ, ನನ್ನ ಟ್ರಂಕಿನಲ್ಲಿಟ್ಟಿದ್ದೆ."

ಅವಳು ನನ್ನನ್ನೇ ನೋಡಿದಳು. ಬಾಗಿಲು ಹಾಕಿಕೊಂಡಳು.

ಪದ್ಮಕ್ಕ ನನಗೆ ಮಾಡಿದ ಮೋಸವನ್ನು ಇವತ್ತಿಗೂ ಕ್ಷಮಿಸಿಲ್ಲ. ಆದರೆ ಆ ಕೆಲಸದಿಂದ ನಾನು ಕಲಿತ ಪಾಠ ಸಿಕ್ಕಿದ್ದು ಆ ಬಾಗಿಲಲ್ಲಿ. ನಂಬಿ ಕೊಟ್ಟವರ ವಸ್ತುವನ್ನು ನಮ್ಮದನ್ನು ಇಡುವ ಜಾಗದಲ್ಲೇ ಇಡಬೇಕು.

ಅವಳ ನಿಜವಾದ ಹೆಸರು ಜುಬೇದಾಬಿ ಅಲ್ಲ. ಈ ಸಲ ನಾನು ಹೆಸರು ಬರೆದಿಲ್ಲ, ನೀವೂ ಹುಡುಕಬೇಡಿ. ಈ ಹಾಳೆಗಳನ್ನು ನನ್ನ ಟ್ರಂಕಿನಲ್ಲಿ, ನನ್ನ ಸುರುಳಿಯ ಪಕ್ಕದಲ್ಲೇ ಜೋಪಾನವಾಗಿಡಿ.