ಹೊರಗ ಕುಂತ ದೊಡ್ಡವ್ವ

ಮೊನ್ನೆ ಹಿರೇಕೆರೂರ ಸಂತ್ಯಾಗ ಸೀಗಿಕಾಯಿ ಪುಡಿ ಘಾಟು ಮೂಗಿಗೆ ಬಡದದ್ದ ತಡ, ಬಾಜೂಮನಿ ದೊಡ್ಡವ್ವ ಕಣ್ಣಮುಂದ ಬಂದು ನಿಂತ್ಲು. ಏನು ಕೊಳ್ಳಾಕ ಬಂದಿದ್ದೆ ಅನ್ನೂದ ಮರತೆ...

ಎಂಬತ್ತರ ದಶಕದ ಸುರುವಾತು. ನಾ ಬಿ.ಎಸ್ಸಿ. ಓದಾಕತ್ತಿದ್ದೆ. ದೊಡ್ಡವ್ವಗ ಐವತ್ತು ದಾಟಿತ್ತು, ಮುಟ್ಟು ನಿಂತು ಮೂರು ವರ್ಷಾಗಿತ್ತು. ಮಡಿ ಅಂದ್ರ ಮಡಿ ಆಕೀದು! ಒಂದಿನ ನೋಡಿದ್ರ ಹಿತ್ತಲ ಕಡೆ ಚಾಪಿ ಹಾಸಿಕೊಂಡು ಒಬ್ಬಾಕೀನ ಕುಂತಾಳ.

"ಇಲ್ಯಾಕ ಕುಂತಿ ದೊಡ್ಡವ್ವ?"

"ಮತ್ತ ಹೊರಗಾಗೇನವ್ವಾ," ಅಂತ ಸೆರಗು ಬಾಯಿಗೆ ಹಿಡಕೊಂಡು ನಕ್ಳು.

"ಚಲೋ ಆತ್ ಬಿಡು, ಹರೇ ತಿರುಗಿ ಬಂತು!" ಅಂದೆ ನಾ. ಇಬ್ರೂ ಹೊಟ್ಟಿ ಹಿಡಕೊಂಡು ನಕ್ಕಿವಿ. ಜೀವಶಾಸ್ತ್ರ ಓದಾಕಿ ನಾನು! ಒಂದು ಕೋಶ ಎರಡಾಗೂ ಚಿತ್ರಾ ಬರದು ವರ್ಗದಾಗ ಭೇಷ್ ಅನಿಸಿಕೊಂಡಾಕಿ!

ಆಮ್ಯಾಲೆ ಹದಿನೈದು ದಿನಕ್ಕೊಮ್ಮೆ, ಎಂಟು ದಿನಕ್ಕೊಮ್ಮೆ ಹಂಗ ಆಗಾಕ ಹತ್ತಿತು. ಪ್ರತಿ ಸಲ ಮೂರು ದಿನ ಹೊರಗ ಕುಂತು, ನಾಕನೇ ದಿನ ಸೀಗಿಕಾಯಿ ಹಚ್ಚಿ ತಲಿಮ್ಯಾಲೆ ನೀರು ಹಾಕ್ಕೊಂಡ್ಲಂದ್ರ ಮುಗೀತು, ಮೈಲಿಗಿ ಕಳೀತು. ರೋಗ ಅಂತ ಯಾರಿಗೂ ಹೊಳೀಲಿಲ್ಲ. ದವಾಖಾನಿ ಹತ್ತು ಮಿನಿಟಿನ ಹಾದಿ ಇತ್ತು.

ವರ್ಷ ತುಂಬೂದ್ರಾಗ ನಡಾ ನೋವು ಹತ್ತಿ ಹಾಸಿಗಿ ಹಿಡದ್ಲು. ಹುಬ್ಬಳ್ಳಿಗೆ ಒಯ್ದ್ರ, ಗರ್ಭಕಂಠದ ಕ್ಯಾನ್ಸರ್, ಭಾಳ ತಡಾ ಮಾಡೀರಿ ಅಂದ್ರು ಡಾಕ್ಟರು. ಬ್ಯಾಸಗಿ ಮುಗಿಯೂದ್ರಾಗ ಹೋಗಿಬಿಟ್ಲು...

ಮುಂದ ನಾನ ಕಾಲೇಜಿನ್ಯಾಗ ಆ ಕ್ಯಾನ್ಸರ್ ಹೆಂಗ ಹುಟ್ಟತೈತಿ ಅನ್ನೂದನ್ನ ಕಲಿಸಿದೆ. ಎಚ್‌ಪಿವಿ ಅನ್ನೂ ವೈರಸ್ ಭಾಳ ಮಂದಿ ಮೈಯಾಗ ಬಂದು ತಾನ ಹೋಗತೈತಿ, ಕೆಲವರಾಗ ವರ್ಷಾನುಗಟ್ಟಲೆ ಠಿಕಾಣಿ ಹೂಡತೈತಿ. ನಮ್ಮ ಕೋಶದಾಗ, ಒಡದು ಎರಡಾಗೂ ಮೊದಲ "ತಡಿ, ಎಲ್ಲಾ ಸರಿ ಐತೇನು?" ಅಂತ ಕೇಳೂ ಪ್ರೋಟೀನುಗಳು ಇರ್ತಾವು. ವೈರಸ್ಸಿನ ಒಂದು ಪ್ರೋಟೀನು ಅಂಥಾದೊಂದನ್ನ ಕಟ್ಟಿಹಾಕತೈತಿ. ಇನ್ನೊಂದು, ಕೆಟ್ಟ ಕೋಶ ಸಾಯಿಸೂ ಪ್ರೋಟೀನನ್ನ ನಾಶ ಮಾಡತೈತಿ. ತಡಿ ಅನ್ನಾವರು ಯಾರೂ ಉಳಿಯೂದಿಲ್ಲ, ಕೋಶ ಬೆಳಕೋತನ ಹೋಗತಾವು.

ಈಗ ರಿಟಾಯರ್ ಆಗೇನಿ, ಹೆಣ್ಮಕ್ಕಳು ಕೂಡಿದಲ್ಲೆ, ಮುಟ್ಟು ನಿಂತ ಮ್ಯಾಲೆ ರಕ್ತ ಕಂಡ್ರ ಅದು ಮುಟ್ಟಲ್ಲ, ತಡಾ ಮಾಡದ ತೋರಿಸ್ರಿ ಅಂತ ನಾಚಿಕಿ ಬಿಟ್ಟು ಹೇಳ್ತೇನಿ. ಹೋದ ವಾರ ಹತ್ತಿಮತ್ತೂರಾಗ ಮಾತು ಮುಗದ ಮ್ಯಾಲೆ ಒಬ್ಬಾಕಿ ಸನೇಕ ಬಂದು, "ಅಕ್ಕಾರ, ನಂಗೂ ಹಂಗ ಆಗಾಕತ್ತೇತ್ರಿ. ಹಬ್ಬ ಮುಗಿಸಿ ತೋರಿಸಿದ್ರ ನಡೀತೈತೇನ್ರಿ?" ಅಂದ್ಲು.

"ಇಲ್ಲವ್ವಾ. ಈಗ ಚಪ್ಪಲ್ ಹಾಕ್ಕೋ, ನಾ ಬರ್ತೇನಿ," ಅಂದೆ.

ಹಾವೇರಿ ಬಸ್ಸಿನ್ಯಾಗ ಆಕೀ ಕೈ ಹಿಡಕೊಂಡ ಕುಂತಿದ್ದೆ. ಆಕಿ ನನಗ ಧೈರ್ಯ ಹೇಳಾಕತ್ತಿದ್ಲು. ಅಳಾಕತ್ತಿದ್ದಾಕಿ ನಾನು.