ಮಲ್ಲಮ್ಮ ಕೇಳಿದ ಕೆಲಸ

ಬಟ್ಟೆಯಲ್ಲಿ ಸುತ್ತಿದ ಎರಡು ಜೋಳದ ರೊಟ್ಟಿ, ಒಂದು ಹಸಿ ಈರುಳ್ಳಿ, ಒಂದಿಷ್ಟು ಶೇಂಗಾ ಚಟ್ನಿಪುಡಿ. ಊಟ ಬಡಿಸುವ ಕ್ಯಾಂಟೀನಿನಲ್ಲೇ ದುಡಿಯುವ ಹೆಂಗಸೊಬ್ಬಳು ಇದ್ದಕ್ಕಿದ್ದಂತೆ ಮನೆಯಿಂದ ಬುತ್ತಿ ತರತೊಡಗಿದರೆ ಅದರ ಹಿಂದೆ ಏನೋ ನೋವಿರಬೇಕೆಂದು, ಮಿತ್ರರೇ, ನನಗೆ ಹೊಳೆಯಲಿಲ್ಲ. ಮಾಲೀಕರಾದ ಜಯಂತಣ್ಣನಿಗೆ ಹೊಳೆಯಿತು.

ಮರಾಠಿ ನಾಡಿನ ಬೇಲಾಪುರದ ಕಚೇರಿಗಳ ನಡುವೆ ಅವರ ಕ್ಯಾಂಟೀನು. ನಾನು ಮ್ಯಾನೇಜರು, ಅವರಂತೆ ಕರಾವಳಿಯವನು. ಪಾತ್ರೆ ತೊಳೆಯುತ್ತಿದ್ದ ಮಲ್ಲಮ್ಮ ಕಲಬುರಗಿ ಕಡೆಯವಳು. ಚಪಾತಿ ಲಟ್ಟಿಸುವವನು ಕೆಲಸ ಬಿಟ್ಟಾಗ ಅದನ್ನು ತನಗೆ ಕೊಡಿರೆಂದು ನನ್ನನ್ನು ಕೇಳಿದ್ದಳು. ಅವಳ ಜಾತಿಯವರು ಒಲೆಯ ಬಳಿ ಬಂದರೆ ತಾನು ಸೌಟು ಮುಟ್ಟುವುದಿಲ್ಲವೆಂದು ಹಿರಿಯ ಅಡುಗೆಯವ ಶೀನಣ್ಣ ಗುಡುಗಿದ. ನಾನು ಅವಳಿಗೆ "ಆ ಕೆಲಸಕ್ಕೆ ಜನ ಸಿಕ್ಕಿಯಾಯ್ತು" ಎಂದು ಸುಳ್ಳು ಹೇಳಿ, ಊರಿಂದ ಯಾರನ್ನಾದರೂ ಕಳಿಸಿರೆಂದು ಫೋನು ಮಾಡಿದೆ. ಶೀನಣ್ಣನ ಗುಡುಗು ಮಲ್ಲಮ್ಮನಿಗೂ ಕೇಳಿಸಿತ್ತು. ಮರುದಿನದಿಂದ ಬಸ್ ಸ್ಟಾಪಿನಲ್ಲಿ ಕುಳಿತು ಬುತ್ತಿ ಉಣ್ಣತೊಡಗಿದಳು.

ಒಂದು ಮಧ್ಯಾಹ್ನ ಜಯಂತಣ್ಣ ಹೋಗಿ ಅವಳ ಪಕ್ಕದಲ್ಲಿ ಕುಳಿತರು. ಎಲ್ಲವನ್ನೂ ಕೇಳಿಕೊಂಡು ಬಂದು ನನ್ನನ್ನು ಕರೆದರು.

"ಯಾರೂ ದೂರು ಕೊಡ್ಲಿಲ್ಲ ಅಣ್ಣ," ಎಂದೆ.

"ದೂರು ಬರುವ ತನಕ ಕಾಯುದಾ ಮಾರಾಯ? ಅವಳು ಸುಮ್ಮನಿದ್ದದ್ದು ಸುಖ ಹೆಚ್ಚಾಗಿಯಾ, ನಿನ್ನ ಹೆದರಿಕೆಯಿಂದಲಾ?"

ಮರುದಿನ ಬೆಳಿಗ್ಗೆ ಎಲ್ಲರನ್ನೂ ಸೇರಿಸಿದರು. ಇನ್ನು ಯಾವ ಕೆಲಸ ಖಾಲಿಯಾದರೂ ಎಲ್ಲರೆದುರು ಕನ್ನಡ, ಹಿಂದಿ, ಮರಾಠಿಯಲ್ಲಿ ಹೇಳುವುದು. ಕೇಳಿದವರೆಲ್ಲರ ಕೈಗೆಲಸ ನೋಡುವುದು. ಮ್ಯಾನೇಜರನ ಮೇಲೆ ಹೇಳುವುದಿದ್ದರೆ ನೇರ ತಮ್ಮ ಬಳಿಗೇ ಬರುವುದು, ಬಂದವರ ಕೆಲಸಕ್ಕೆ ಕುತ್ತಿಲ್ಲ ಎಂದರು. ಅಲ್ಲೇ ಮೂವರು ಚಪಾತಿ ಲಟ್ಟಿಸಿ ತೋರಿಸಿದರು. ಮಲ್ಲಮ್ಮನ ಕೈಯೇ ಎಲ್ಲರಿಗಿಂತ ಚುರುಕು.

"ಅವಳು ಒಳಗೆ ಬಂದ್ರೆ ನಾನು ಹೊರಗೆ," ಎಂದ ಶೀನಣ್ಣ.

ಅಂದು ದೊಡ್ಡ ಮೀಟಿಂಗೊಂದರ ಊಟವಿತ್ತು. ಶೀನಣ್ಣನೋ ಕ್ಯಾಂಟೀನು ಹುಟ್ಟಿದ ದಿನದಿಂದ ಜೊತೆಗಿದ್ದವನು. ಜಯಂತಣ್ಣನ ಮುಖ ಕಳೆಗುಂದಿದ್ದನ್ನು ಕಂಡೆ. ಆದರೂ ದನಿ ಏರಲಿಲ್ಲ. "ನಿನ್ನನ್ನು ಹೋಗು ಅಂತ ಹೇಳುದಿಲ್ಲ ಶೀನ. ಅವಳನ್ನು ಬರ್ಬೇಡ ಅಂತಲೂ ಹೇಳುದಿಲ್ಲ."

ಶೀನಣ್ಣ ಏಪ್ರನ್ ಕಳಚಿಟ್ಟು ಹೊರಟ. ಜಯಂತಣ್ಣ ಅದನ್ನೇ ಕಟ್ಟಿಕೊಂಡು ಒಲೆ ಹಚ್ಚಿದರು.

ಆಮೇಲೆ ಎಷ್ಟೋ ಕಚೇರಿಗಳ ಗೋಡೆಗಳಲ್ಲಿ ಸಮಾನತೆಯ ನಿಯಮಗಳನ್ನು ಚೌಕಟ್ಟು ಕಟ್ಟಿಸಿ ತೂಗುಹಾಕಿದ್ದನ್ನು ಓದಿದ್ದೇನೆ. ತನಗೆ ನಷ್ಟವಾಗುವ ಹೊತ್ತಿನಲ್ಲಿ, ಕಾನೂನಿನ ಕಣ್ಣಿಲ್ಲದ ಕಡೆಯಲ್ಲಿ ನ್ಯಾಯವಾಗಿ ನಡೆದ ಇಂಥ ಯಜಮಾನರನ್ನು ಮಾತ್ರ ಹೆಚ್ಚು ಕಂಡಿಲ್ಲ. ಶೀನಣ್ಣ ವಾರದ ಬಳಿಕ ತಾನಾಗಿ ಮರಳಿದ. ಈ ಸಲ ಷರತ್ತು ಹಾಕಲಿಲ್ಲ.

ಆದರೆ ಆ ಬೆಳಿಗ್ಗೆ ನನ್ನ ಪಾಲಿನದು ಬಾಕಿಯಿತ್ತು. ಎಲ್ಲರೂ ನೋಡುತ್ತಿದ್ದಂತೆ ಮಲ್ಲಮ್ಮನೆದುರು ನಿಂತು, ಸುಳ್ಳು ಹೇಳಿದ್ದೆ, ತಪ್ಪಾಯಿತು ಎಂದೆ.

ಅವಳು ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿದಳು. "ಮಾಫಿ ಆಮ್ಯಾಗ ಕೇಳಿರಂತ್ರಿ, ಸಾಹೇಬ್ರ. ಮಂದಿ ಬರೋ ಹೊತ್ತಾಗ್ಯದ. ಮೊದಲ ಆ ಹಿಟ್ಟಿನ ಚೀಲ ಎತ್ತಿ ಕೊಡ್ರಿ."

ಎತ್ತಿ ಕೊಟ್ಟೆ.